ಮೆಕ್ಸಿಕೋದಿಂದ ಪೆರುವರೆಗೆ 5 ತಿಂಗಳು, ನಾಲ್ಕೂವರೆ ಲಕ್ಷ: ಸ್ವಯಂಸೇವೆ ಮಾಡಿಕೊಂಡು ಸುತ್ತಬಹುದಾ?

ಸಾಗರದ_ಹುಡುಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನನಗೆ 27. ಊರು ಸಾಗರದ ಹತ್ತಿರ ಒಂದು ಹಳ್ಳಿ, ಆರು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸ. ಸೆಪ್ಟೆಂಬರ್ ಕೊನೆಗೆ ಕೆಲಸ ಬಿಡುತ್ತಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ, ಅದು ಬೇರೆ ಕಥೆ. ಅಕ್ಟೋಬರ್ ಮೊದಲ ವಾರ ಮೆಕ್ಸಿಕೋಗೆ ಹಾರಿ, ಅಲ್ಲಿಂದ ಬಸ್ಸಿನಲ್ಲೇ ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ, ಪನಾಮಾ, ಕೊಲಂಬಿಯಾ, ಎಕ್ವಡಾರ್, ಪೆರು ಅಂತ ಇಳಿದುಕೊಂಡು ಹೋಗಿ ಫೆಬ್ರವರಿ ಕೊನೆಗೆ ಬೊಲಿವಿಯಾದಿಂದ ವಾಪಸ್ ಬರುವ ಯೋಚನೆ. ಕೈಯಲ್ಲಿ ಇರುವುದು ನಾಲ್ಕೂವರೆ ಲಕ್ಷ. ಟಿಕೆಟ್, ವಿಮೆ, ಲಸಿಕೆ ಎಲ್ಲ ಕಳೆದರೆ ದಿನಕ್ಕೆ 2,000 ರೂಪಾಯಿ ಚಿಲ್ಲರೆ ಉಳಿಯುತ್ತದೆ. ಅಷ್ಟರಲ್ಲಿ ಆಗುವುದಿಲ್ಲ ಅಂತ ಗೊತ್ತು. ಅದಕ್ಕೇ ಅರ್ಧ ದಿನ ಹಾಸ್ಟೆಲ್‌ಗಳಲ್ಲೋ ತೋಟಗಳಲ್ಲೋ ಕೆಲಸ ಮಾಡಿ, ಬದಲಿಗೆ ಊಟ ವಸತಿ ಪಡೆಯುವ ವರ್ಕ್‌ಅವೇ ಥರದ ವೆಬ್‌ಸೈಟಿಗೆ ಸೇರೋಣ ಅಂದುಕೊಂಡಿದ್ದೇನೆ.

ಆಫೀಸ್ ಕೆಲಸಕ್ಕೆ ಹೋದಾಗ ಸಿಕ್ಕ ಅಮೆರಿಕದ ವೀಸಾ ಇದೆ, ಇನ್ನೂ ಐದಾರು ವರ್ಷ ನಡೆಯುತ್ತದೆ. ಸ್ಪ್ಯಾನಿಷ್ ಆ್ಯಪ್‌ನಲ್ಲಿ 140 ದಿನ ತಪ್ಪದೆ ಕಲಿತಿದ್ದೇನೆ, "ಹುಡುಗಿ ಸೇಬು ತಿನ್ನುತ್ತಾಳೆ" ಅಂತ ಚೆನ್ನಾಗಿ ಹೇಳಬಲ್ಲೆ, ಅದರಾಚೆ ಏನೂ ಬರುವುದಿಲ್ಲ. ಮೊಟ್ಟೆ ತಿನ್ನುತ್ತೇನೆ, ಮಾಂಸ ಮೀನು ಇಲ್ಲ. ಒಬ್ಬಳೇ ಹೋಗುತ್ತಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ: ಈ ಸ್ವಯಂಸೇವೆಯಿಂದ ನಿಜವಾಗಲೂ ಖರ್ಚು ಇಳಿಯುತ್ತದಾ? ಈ ದಾರಿ ಸರಿ ಇದೆಯಾ? ಹೋಗಿ ಬಂದವರು ಹೇಳಿ ಪ್ಲೀಸ್. "ಮೊದಲು ಭಾರತ ನೋಡಿ" ಅನ್ನುವವರಿಗೆ ಈಗಲೇ ದೊಡ್ಡ ನಮಸ್ಕಾರ.


ನಿಧಾನವೇ_ಪ್ರಧಾನ:

ನಾನು ಏಳು ತಿಂಗಳು ಇದ್ದೆ, ಅದರಲ್ಲಿ ಹೆಚ್ಚು ಸಮಯ ಗ್ವಾಟೆಮಾಲಾ ಮತ್ತು ಪೆರುವಿನಲ್ಲಿ. ನಿಮ್ಮ ಪಟ್ಟಿ ಎಣಿಸಿದೆ, 11 ದೇಶ. 5 ತಿಂಗಳಿಗೆ ಹನ್ನೊಂದು ಅಂದರೆ ಒಂದಕ್ಕೆ ಎರಡು ವಾರಾನೂ ಇಲ್ಲ. ಅದರಲ್ಲಿ ಸ್ವಯಂಸೇವೆ ಎಲ್ಲಿ ಮಾಡುತ್ತೀರಿ? ಒಳ್ಳೆಯ ಜಾಗದವರು ಮೂರು ನಾಲ್ಕು ವಾರವಾದರೂ ಇರುವವರನ್ನೇ ಕೇಳುತ್ತಾರೆ. ಮೊದಲ ವಾರ ನಿಮಗೆ ಹಾರೆ ಎಲ್ಲಿದೆ ಅಂತ ತೋರಿಸುವುದರಲ್ಲೇ ಕಳೆಯುತ್ತದೆ, ಎರಡನೇ ವಾರ ನೀವು ಹೊರಟರೆ ಅವರಿಗೇನು ಲಾಭ? ಮೂರು ದೇಶ ಇಟ್ಟುಕೊಳ್ಳಿ, ಹೆಚ್ಚೆಂದರೆ ನಾಲ್ಕು. ದುಡ್ಡು ಉಳಿಯುವುದು ಸ್ವಯಂಸೇವೆಯಿಂದಲ್ಲ, ಕಡಿಮೆ ಓಡಾಡುವುದರಿಂದ.

ಇನ್ನು ದಾರಿ. ಪನಾಮಾದಿಂದ ಕೊಲಂಬಿಯಾಗೆ ಬಸ್ ಇಲ್ಲ, ಯಾಕೆಂದರೆ ರಸ್ತೆಯೇ ಇಲ್ಲ. ಅಲಾಸ್ಕಾದಿಂದ ಅರ್ಜೆಂಟಿನಾದವರೆಗೆ ಬರುವ ಪ್ಯಾನ್ ಅಮೆರಿಕನ್ ಹೆದ್ದಾರಿ ಡೇರಿಯನ್ ಕಾಡಿನ ಹತ್ತಿರ ಸುಮಾರು 100 ಕಿಲೋಮೀಟರ್ ತುಂಡಾಗಿದೆ. ಅಲ್ಲಿ ಪ್ರವಾಸಿಗರು ಸ್ಯಾನ್ ಬ್ಲಾಸ್ ದ್ವೀಪಗಳ ಮೂಲಕ ಹಾಯಿದೋಣಿಯಲ್ಲಿ ಹೋಗುತ್ತಾರೆ, ಅದು ಅಗ್ಗ ಅಲ್ಲವೇ ಅಲ್ಲ, ಇಲ್ಲವಾದರೆ ವಿಮಾನ. ಎಲ್ ಸಾಲ್ವಡಾರ್ ಅಂತೂ 2023ರ ಅಕ್ಟೋಬರ್‌ನಿಂದ ಭಾರತದ ಪಾಸ್‌ಪೋರ್ಟ್ ಇರುವವರಿಗೆ ವಿಮಾನ ನಿಲ್ದಾಣದಲ್ಲಿ ತೆರಿಗೆ ಸೇರಿ 1,130 ಡಾಲರ್ ಶುಲ್ಕ ಹಾಕಿತು. ಹೆಸರಿಗೆ ನಿಲ್ದಾಣದ ಅಭಿವೃದ್ಧಿಗೆ, ನಿಜಕ್ಕೆ ಆ ದಾರಿಯಲ್ಲಿ ಅಮೆರಿಕಕ್ಕೆ ಕದ್ದು ಹೋಗುವವರನ್ನು ತಡೆಯಲು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮಧ್ಯ ಅಮೆರಿಕದ ಗಡಿಗಳಲ್ಲಿ ಒಂಟಿಯಾಗಿ ಓಡಾಡುವ ಭಾರತೀಯರನ್ನು ನೋಡಿದ ತಕ್ಷಣ ಅಧಿಕಾರಿಗಳ ತಲೆಗೆ ಅದೇ ಬರುತ್ತದೆ. 2023ರ ಡಿಸೆಂಬರ್‌ನಲ್ಲಿ 303 ಜನ, ಹೆಚ್ಚಿನವರು ನಮ್ಮವರೇ, ನಿಕರಾಗುವಾಕ್ಕೆ ಹೊರಟಿದ್ದ ಬಾಡಿಗೆ ವಿಮಾನವನ್ನು ಫ್ರಾನ್ಸಿನ ವಾತ್ರಿಯಲ್ಲಿ ನಿಲ್ಲಿಸಿದ್ದು ನೆನಪಿದೆಯಲ್ಲ. ಹಾಗಾಗಿ ವಾಪಸ್ ಟಿಕೆಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಮೊದಲ ವಾರದ ಬುಕಿಂಗ್, ಈ ಮೂರನ್ನು ಕಾಗದದಲ್ಲಿ ಇಟ್ಟುಕೊಳ್ಳಿ. ಫೋನಿನಲ್ಲಿ ತೋರಿಸುತ್ತೇನೆ ಅಂತ ಹೋಗಬೇಡಿ, ನನ್ನ ಫೋನ್ ಸರಿಯಾಗಿ ಕೌಂಟರ್ ಮುಂದೆಯೇ ಸತ್ತಿತ್ತು.

ನಿಮ್ಮ ಅಮೆರಿಕ ವೀಸಾ ಬಂಗಾರ. ಅದಿದ್ದರೆ ಮೆಕ್ಸಿಕೋ, ಕೊಲಂಬಿಯಾ, ಪೆರು ಮೂರಕ್ಕೂ ಬೇರೆ ವೀಸಾ ಬೇಡ. ಪೆರು ಮತ್ತು ಕೊಲಂಬಿಯಾದವರು ಅದರಲ್ಲಿ ಇನ್ನೂ ಆರು ತಿಂಗಳು ಬಾಕಿ ಇರಬೇಕು ಅನ್ನುತ್ತಾರೆ, ನಿಮಗೆ ತೊಂದರೆ ಇಲ್ಲ. ಗ್ವಾಟೆಮಾಲಾದಲ್ಲಿ ನನ್ನನ್ನು ಅದೇ ವೀಸಾ ನೋಡಿ ಒಳಗೆ ಬಿಟ್ಟರು. ಎಕ್ವಡಾರ್ 2019ರಿಂದ ನಮಗೆ ವೀಸಾ ಕೇಳುತ್ತಿದೆ, ಬೊಲಿವಿಯಾಗೂ ಬೇಕು. ಈ ನಿಯಮಗಳು ಆಗಾಗ ಬದಲಾಗುತ್ತವೆ, ಟಿಕೆಟ್ ಮಾಡುವ ಮುಂಚೆ ಆಯಾ ರಾಯಭಾರ ಕಚೇರಿಯ ಪುಟ ನೋಡಿಯೇ ಮಾಡಿ.

ಭಾಷೆ ಬಗ್ಗೆ ಆಮೇಲೆ ಬರೆಯುತ್ತೇನೆ, ಅದು ನನ್ನ ಇಷ್ಟದ ವಿಷಯ.


ಅರ್ಧ_ಲೋಟ:

ನಾಲ್ಕೂವರೆ ಲಕ್ಷ ಖರ್ಚು ಮಾಡಿ ಹಾಸ್ಟೆಲ್‌ನಲ್ಲಿ ಕಕ್ಕಸು ತೊಳೆಯಲು ಹೋಗುವುದಾ? ಸುಮ್ನೆ ಕೇಳಿದೆ.


ಪಪ್ಪಾಯಿ_ಕೊಡಬೇಡಿ:

@ಅರ್ಧ_ಲೋಟ ಹೂಂ, ನಾನು ತೊಳೆದಿದ್ದೇನೆ, ಸತ್ತಿಲ್ಲ.

ಆದರೆ ಅವರ ಪ್ರಶ್ನೆಯಲ್ಲಿ ಅರ್ಧ ನ್ಯಾಯ ಇದೆ, ಅದನ್ನೇ ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ಕೇಳುವುದು ದಿನಕ್ಕೆ 4-5 ಗಂಟೆ, ವಾರಕ್ಕೆ 5 ದಿನ. ಅಂದರೆ ವಾರಕ್ಕೆ 20-25 ಗಂಟೆ. ಗ್ವಾಟೆಮಾಲಾದಲ್ಲೋ ಪೆರುವಿನಲ್ಲೋ ಡಾರ್ಮಿಟರಿಯ ಒಂದು ಹಾಸಿಗೆ 8-12 ಡಾಲರ್‌ಗೆ ಸಿಗುತ್ತದೆ. ಹಾಸಿಗೆ ಮಾತ್ರ ಕೊಟ್ಟು ಊಟ ಕೊಡದಿದ್ದರೆ ನಿಮ್ಮ ಒಂದು ಗಂಟೆಗೆ ಬಿದ್ದ ಬೆಲೆ ಎಷ್ಟು ಅಂತ ನೀವೇ ನೋಡಿ. ಜೊತೆಗೆ ಆ ವೆಬ್‌ಸೈಟಿನ ವರ್ಷದ ಸದಸ್ಯತ್ವ ಬೇರೆ.

ನನ್ನ ಅನುಭವ: ಕೊಲಂಬಿಯಾದ ಒಂದು ಹಾಸ್ಟೆಲ್, ಹೆಸರು ಬೇಡ. ಹೋಗುವ ಮುಂಚೆ ಐದು ಗಂಟೆ ರಿಸೆಪ್ಶನ್ ಅಂದಿದ್ದರು. ಹತ್ತು ದಿನ ಕಳೆಯುವಷ್ಟರಲ್ಲಿ ರಾತ್ರಿ ಪಾಳಿ, ಎಂಟು ಗಂಟೆ, ವಾರಕ್ಕೆ ಆರು ದಿನ. ಊಟ ಅಂದರೆ ಬೆಳಿಗ್ಗೆ ಒಂದು ಮೊಟ್ಟೆ, ಎರಡು ಬ್ರೆಡ್. ಅದಕ್ಕಿಂತ ನನಗೆ ಚುಚ್ಚಿದ್ದು ಬೇರೆ. ಅಲ್ಲೇ ಕೆಲಸ ಮಾಡುತ್ತಿದ್ದ ಆ ಊರಿನ ಹುಡುಗಿಯೊಬ್ಬಳ ಪಾಳಿಗಳನ್ನು ನಾವು ಬಂದ ಮೇಲೆ ಕಡಿಮೆ ಮಾಡಿದ್ದರು. ಅವಳು ಒಂದು ದಿನ ನಗುತ್ತಲೇ ಹೇಳಿದಳು, "ನೀವು ಬರುವ ತಿಂಗಳು ನನಗೆ ಸಂಬಳ ಕಮ್ಮಿ" ಅಂತ. ಆಮೇಲೆ ಅಲ್ಲಿ ನಿಲ್ಲಲು ಮನಸ್ಸು ಬರಲಿಲ್ಲ.

ಹಾಗಂತ ಮಾಡಬೇಡಿ ಅನ್ನುತ್ತಿಲ್ಲ. ದುಡಿಯುವ ಜನರ ಸಂಬಳದ ಜಾಗದಲ್ಲಿ ಕೂರಬೇಡಿ ಅಷ್ಟೇ. ಮನೆ ಮಂದಿಯೇ ನಡೆಸುವ ಸಣ್ಣ ತೋಟ, ಅವರ ಜೊತೆಗೇ ಊಟ, ಇಂಥದ್ದು ಹುಡುಕಿ. ವೂಫ್ ಅಂತ ಇದೆ, 1971ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು, ಸಾವಯವ ತೋಟಗಳಿಗೆ ಮಾತ್ರ. ಎಲ್ಲೇ ಆಗಲಿ ಗಂಟೆ ಎಷ್ಟು, ರಜೆ ಯಾವಾಗ, ಎಷ್ಟು ಹೊತ್ತಿನ ಊಟ, ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಇದೆಯಾ, ಇಷ್ಟನ್ನು ಮೊದಲೇ ಬರಹದಲ್ಲಿ ತರಿಸಿಕೊಳ್ಳಿ. ಹಿಂದೆ ಅಲ್ಲಿದ್ದ ಹೆಂಗಸರ ಅಭಿಪ್ರಾಯ ಒಂದೂ ಇಲ್ಲದಿದ್ದರೆ ಹೋಗಬೇಡಿ. ಅನಾಥಾಶ್ರಮ ಅಂದರೆ ಪೂರ್ತಿ ದೂರ ಇರಿ, ಎರಡು ವಾರಕ್ಕೊಮ್ಮೆ ಮುಖ ಬದಲಾಗುವುದರಿಂದ ಮಕ್ಕಳಿಗೆ ಒಳ್ಳೆಯದಾಗುವುದಿಲ್ಲ, ದುಡ್ಡಿಗೋಸ್ಕರವೇ ಮಕ್ಕಳನ್ನು ಇಟ್ಟುಕೊಳ್ಳುವವರೂ ಇದ್ದಾರೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಪ್ರವಾಸಿಗಳಿಗೆ ಕೊಡುವ ಅನುಮತಿಯಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ, ಮೆಕ್ಸಿಕೋದ್ದರಲ್ಲಿ ಹಾಗಂತ ಬರೆದೇ ಇರುತ್ತದೆ. ಊಟ ವಸತಿಗಾಗಿ ಮಾಡುವ ಕೆಲಸ ಅದರೊಳಗೆ ಬರುತ್ತದಾ ಇಲ್ಲವಾ ಅನ್ನುವುದು ಒಂದೊಂದು ದೇಶದಲ್ಲಿ ಒಂದೊಂದು ಥರ. ಗಡಿಯಲ್ಲಿ ಸುಳ್ಳು ಹೇಳುವ ಬದಲು ಮೊದಲೇ ರಾಯಭಾರ ಕಚೇರಿಗೆ ಮೇಲ್ ಹಾಕಿ ಉತ್ತರ ಇಟ್ಟುಕೊಳ್ಳಿ.

ನನ್ನ ಹೆಸರು ನೋಡಿ ಕೇಳುತ್ತೀರಿ ಅಂತ ಹೇಳಿಬಿಡುತ್ತೇನೆ. ಕೊಲಂಬಿಯಾದಲ್ಲಿ "ನೋ ದಾರ್ ಪಪಾಯಾ" ಅನ್ನುತ್ತಾರೆ, ಪಪ್ಪಾಯಿ ಕೊಡಬೇಡ ಅಂತ. ಕಳ್ಳನ ಮುಂದೆ ಹಣ್ಣು ಸುಲಿದು ಇಡಬೇಡ ಅನ್ನುವ ಅರ್ಥ. ಬೀದಿಯಲ್ಲಿ ಫೋನ್ ಹಿಡಿದು ದಾರಿ ನೋಡುವುದು ಪಪ್ಪಾಯಿ. ಬಸ್ಸಿನಲ್ಲಿ ಬ್ಯಾಗನ್ನು ತಲೆ ಮೇಲಿನ ಹಲಗೆಯಲ್ಲಿ ಇಟ್ಟು ನಿದ್ದೆ ಮಾಡುವುದು ದೊಡ್ಡ ಪಪ್ಪಾಯಿ. ಪಾಸ್‌ಪೋರ್ಟ್ ಇರುವ ಚೀಲ ತೊಡೆ ಮೇಲೆ, ಪಟ್ಟಿ ಕಾಲಿಗೆ ಸುತ್ತಿ. ಹೊಸ ಊರಿಗೆ ಕತ್ತಲಾದ ಮೇಲೆ ಇಳಿಯುವ ಬಸ್ ಹಿಡಿಯಬೇಡಿ, ಎರಡು ಡಾಲರ್ ಜಾಸ್ತಿ ಆದರೂ ಪರವಾಗಿಲ್ಲ. ಒಂಟಿ ಹೆಂಗಸು ಅಂತ ನನಗೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ರಾತ್ರಿ ಹತ್ತಕ್ಕೆ ಎಷ್ಟು ಹುಷಾರು ಬೇಕೋ ಅಲ್ಲೂ ಅಷ್ಟೇ ಬೇಕಾಯಿತು.


ಖಡಕ್_ರೊಟ್ಟಿ:

ತಂಗಿ, ಊಟದ ಬಗ್ಗೆ ಯಾರೂ ಬರೆದಿಲ್ಲ ನೋಡ್ರಿ, ಅದು ನಾ ಬರೀತೀನಿ. ಕೆಲಸದ ಮೇಲೆ ಎರಡು ವರ್ಷ ಮೆಕ್ಸಿಕೋದಲ್ಲಿ ಇದ್ದವನು, ಊರು ಧಾರವಾಡ ಕಡೆ.

ಮೊದಲ ಪಾಠ: "ಸಿನ್ ಕಾರ್ನೆ" ಅಂದರೆ ಮಾಂಸ ಇಲ್ಲದ್ದು ಅಂತ ಪುಸ್ತಕದಲ್ಲಿ ಇರುತ್ತದೆ. ಅಲ್ಲಿನ ಬಹಳ ಜನರಿಗೆ ಕಾರ್ನೆ ಅಂದರೆ ದನದ್ದು, ಹಂದಿಯದ್ದು. ಕೋಳಿ ಅದರಲ್ಲಿ ಬರುವುದಿಲ್ಲ! ಸಿನ್ ಕಾರ್ನೆ ಅಂತ ಕೇಳಿದ್ದಕ್ಕೆ ನನ್ನ ಗೆಳೆಯನಿಗೆ ಪ್ರೀತಿಯಿಂದ ಕೋಳಿ ಹಾಕಿಕೊಟ್ಟರು. ಪೂರ್ತಿ ಹೇಳಬೇಕು: "ನೋ ಕೊಮೊ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ, ನಿ ಹಮೋನ್." ದನ ಇಲ್ಲ, ಕೋಳಿ ಇಲ್ಲ, ಮೀನಿಲ್ಲ, ಹ್ಯಾಮ್ ಇಲ್ಲ. ಇದನ್ನು ಬಾಯಿಪಾಠ ಮಾಡಿಕೊಂಡೇ ವಿಮಾನ ಹತ್ತಿ. ಇಷ್ಟು ಹೇಳಿದರೂ ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರುತ್ತಾರೆ, ಕಾಳಿನ ಪಲ್ಯಕ್ಕೆ ಮಂತೇಕಾ ಅಂತ ಹಂದಿ ಕೊಬ್ಬು ಹಾಕಿರುತ್ತಾರೆ. ಎಷ್ಟರ ಮಟ್ಟಿಗೆ ಕೇಳುತ್ತೀರಿ, ಎಲ್ಲಿ ಕಣ್ಣು ಮುಚ್ಚುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು.

ಆದರೆ ಹಸಿದು ಇರುವುದಿಲ್ಲ, ಹೆದರಬೇಡಿ. ಬೀದಿಗೊಂದು ತೊರ್ತಿಯೇರಿಯಾ, ಅಂದರೆ ರೊಟ್ಟಿ ಅಂಗಡಿ, ಕಿಲೋ ಲೆಕ್ಕದಲ್ಲಿ ಬಿಸಿ ರೊಟ್ಟಿ ತೂಗಿ ಕೊಡುತ್ತಾರೆ. ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಯಲು ಬಿಟ್ಟು, ಸಿಪ್ಪೆ ತೊಳೆದು ರುಬ್ಬುತ್ತಾರೆ, ಅದಕ್ಕೇ ಆ ಹಿಟ್ಟು ಒಡೆಯುವುದಿಲ್ಲ. ನಮ್ಮ ಅವ್ವ ಬಂದಾಗ ಅದನ್ನು ಮುರಿದು ನೋಡಿ, "ರೊಟ್ಟಿ ಛಲೋ ಐತಿ, ಬಡಿಯೂದು ಮಾತ್ರ ಗೊತ್ತಿಲ್ಲ ಇವರಿಗೆ" ಅಂದಳು. ಪಾಪಾಸುಕಳ್ಳಿ ಇದೆಯಲ್ಲ, ನಮ್ಮಲ್ಲಿ ಬೇಲಿಗೆ ಇರುವುದು, ಅದರ ಎಳೆ ಎಲೆಯ ಮುಳ್ಳು ಹೆರೆದು ಪಲ್ಯ ಮಾಡುತ್ತಾರೆ, ನೊಪಾಲ್ ಅಂತ, ಬೆಂಡೆಕಾಯಿ ಥರ ಲೋಳೆ ಲೋಳೆ. ಇನ್ನೂ ಮಜಾ ಅಂದರೆ ಗೋವಿನಜೋಳದ ತೆನೆಗೆ ಕಾಡಿಗೆ ರೋಗ ಬಂದರೆ ನಾವು ಕಿತ್ತು ಸುಡುತ್ತೇವೆ, ಅವರು ಅದನ್ನೇ ಊಯಿತ್ಲಾಕೋಚೆ ಅಂತ ಜಾಸ್ತಿ ದುಡ್ಡಿಗೆ ಮಾರುತ್ತಾರೆ. ನಾ ತಿಂದೆ, ಅಣಬೆ ಇದ್ದಹಾಗೆ ಇತ್ತು. ಅಪ್ಪನಿಗೆ ಫೋನಿನಲ್ಲಿ ಹೇಳಿದರೆ ನಂಬಲಿಲ್ಲ.

ಖರ್ಚಿನ ಗುಟ್ಟು ಒಂದೇ, ಮಧ್ಯಾಹ್ನ ಮಾರ್ಕೆಟ್ ಒಳಗೆ ಊಟ ಮಾಡಿ. ಪೆರುವಿನಲ್ಲಿ ಮೆನು, ಎಕ್ವಡಾರ್‌ನಲ್ಲಿ ಅಲ್ಮುಎರ್ಸೊ, ಮೆಕ್ಸಿಕೋದಲ್ಲಿ ಕೊಮಿದಾ ಕೊರ್ರಿದಾ ಅಂತ ಬರೆದಿರುತ್ತದೆ. ಸೂಪು, ಅನ್ನದ ತಟ್ಟೆ, ಒಂದು ಲೋಟ ಪಾನಕ, ಎಲ್ಲ ಸೇರಿ ಮೂರು ನಾಲ್ಕು ಡಾಲರ್. ರಾತ್ರಿಗೆ ಬಾಳೆಹಣ್ಣು, ಬೆಣ್ಣೆಹಣ್ಣು ಸಾಕು. ಒಂದು ಡಬ್ಬಿ ಚಟ್ನಿಪುಡಿ ಒಯ್ಯಿರಿ, ಶೇಂಗಾದ್ದು ಇರಲಿ. ಅಂದಹಾಗೆ ಶೇಂಗಾ, ಮೆಣಸಿನಕಾಯಿ, ಎರಡೂ ಮೂಲದಲ್ಲಿ ಆ ಕಡೆಯವೇ, ತವರಿಗೆ ವಾಪಸ್ ಒಯ್ದ ಹಾಗೆ ಆಗುತ್ತದೆ.


ಸಾಗರದ_ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್, ನಿಜವಾಗಲೂ. ಮೂರು ಸಲ ಓದಿದೆ. 11ನ್ನು ನಾಲ್ಕಕ್ಕೆ ಇಳಿಸಿದೆ: ಮೆಕ್ಸಿಕೋ, ಗ್ವಾಟೆಮಾಲಾ, ಕೊಲಂಬಿಯಾ, ಪೆರು. ಹಾಸ್ಟೆಲ್ ಕೆಲಸ ಬೇಡ ಅನ್ನಿಸುತ್ತಿದೆ, ತೋಟದ ಕೆಲಸ ನನಗೆ ಹುಟ್ಟಿದಾಗಿನಿಂದ ಗೊತ್ತು. ಆಮೆ ಕಾಯುವ ಕೆಲಸದ ಬಗ್ಗೆಯೂ ಎಲ್ಲೋ ಓದಿದ್ದೆ, ಅದು ಹೇಗೆ? ಮತ್ತೆ @ನಿಧಾನವೇ_ಪ್ರಧಾನ ಭಾಷೆ ಬಗ್ಗೆ ಬರೆಯುತ್ತೇನೆ ಅಂದಿದ್ದಿರಿ, ಕಾಯುತ್ತಿದ್ದೇನೆ.


ಕಾಸರಕೋಡು_ಕಡಲು:

ಆಮೆ ಅಂದದ್ದಕ್ಕೆ ಬಂದೆ. ಹೊನ್ನಾವರದ ಕಾಸರಕೋಡಿನವನು, ನಮ್ಮಲ್ಲೂ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡಲು ಬರುತ್ತವೆ. ಅದೇ ಜಾತಿ ಕೋಸ್ಟರಿಕಾದ ಒಸ್ತಿಯೊನಾಲ್, ಮೆಕ್ಸಿಕೋದ ಓಹಾಕಾ ರಾಜ್ಯದ ಎಸ್ಕೊಬೀಯಾ ಕಡಲತೀರಗಳಿಗೆ ಒಂದೇ ಸಲಕ್ಕೆ ಸಾವಿರಗಟ್ಟಲೆ ಬರುತ್ತವೆ. ಅರಿಬಾದಾ ಅಂತಾರೆ, "ಬಂದು ಸೇರುವುದು" ಅಂತ ಅರ್ಥ. ಆ ಓಹಾಕಾ ತೀರದಲ್ಲೇ ಒಂದು ಕಾಲಕ್ಕೆ ಆಮೆ ಕೊಲ್ಲುವ ಕಾರ್ಖಾನೆ ಇತ್ತು, 1990ರಲ್ಲಿ ಮೆಕ್ಸಿಕೋ ಆಮೆ ಬೇಟೆಯನ್ನೇ ನಿಷೇಧಿಸಿತು. ಈಗ ಪಕ್ಕದ ಮಸುಂತೆ ಹಳ್ಳಿಯಲ್ಲಿ ಆಮೆಗಳ ಸರ್ಕಾರಿ ಕೇಂದ್ರ ಇದೆ.

ಬಹಳ ಆಮೆ ಶಿಬಿರಗಳು ಊಟ ವಸತಿಗೆ ನಿಮ್ಮಿಂದಲೇ ದುಡ್ಡು ತೆಗೆದುಕೊಳ್ಳುತ್ತವೆ, ಕೋಸ್ಟರಿಕಾದಲ್ಲಂತೂ ಜಾಸ್ತಿ. ಅದರಲ್ಲಿ ತಪ್ಪೇನೂ ಇಲ್ಲ, ಅವರಿಗೂ ಖರ್ಚಿರುತ್ತದೆ. ಆದರೆ ನಿಮ್ಮ ಬಜೆಟ್‌ಗೆ ಅದು ಹೊಂದುವುದಿಲ್ಲ. ಕೆಲಸ ಅಂದರೆ ರಾತ್ರಿಯಿಡೀ ಮರಳಲ್ಲಿ ನಡೆಯುವುದು, ಬಿಳಿ ಟಾರ್ಚ್ ಹಚ್ಚುವಂತಿಲ್ಲ, ಕೆಂಪು ಬೆಳಕು ಮಾತ್ರ. ಯಾರಾದರೂ ಮರಿ ಹಿಡಿದು ಸೆಲ್ಫಿ ತೆಗೆಯಲು ಬಿಟ್ಟರೆ ಅಲ್ಲಿಂದ ಎದ್ದು ಬನ್ನಿ.


ಸೂಜಿ_ಚುಚ್ಚಿ:

ಹಳದಿ ಜ್ವರದ ಲಸಿಕೆ ಯಾರೂ ಬಿಡಿಸಿ ಹೇಳಿಲ್ಲ. ಪೆರು, ಕೊಲಂಬಿಯಾ, ಎಕ್ವಡಾರ್, ಬೊಲಿವಿಯಾ ಎಲ್ಲ ಹಳದಿ ಜ್ವರ ಇರುವ ದೇಶಗಳು ಅಂತ ಭಾರತ ಮಾಡಿದ ಪಟ್ಟಿಯಲ್ಲಿ ಇವೆ. ಅವರು ಕೇಳದಿದ್ದರೂ ವಾಪಸ್ ಬಂದಾಗ ನಮ್ಮವರು ಕೇಳುತ್ತಾರೆ. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಪುಸ್ತಕ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಮಾತ್ರ ಹಾಕಿಸಿ, ಬೇರೆ ಕಡೆಯದ್ದು ನಡೆಯುವುದಿಲ್ಲ. ಹಾಕಿಸಿದ 10 ದಿನದ ನಂತರವೇ ಪ್ರಮಾಣಪತ್ರ ಜಾರಿಗೆ ಬರುವುದು, 2016ರಿಂದ ಒಂದೇ ಸಲ ಹಾಕಿಸಿದರೆ ಜೀವನಪೂರ್ತಿ ಸಾಕು. ಮೊಟ್ಟೆ ಅಲರ್ಜಿ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಸಾಲು ಇರುತ್ತದೆ, ಕೊನೆ ವಾರಕ್ಕೆ ಇಟ್ಟುಕೊಳ್ಳಬೇಡಿ.


ನಿಧಾನವೇ_ಪ್ರಧಾನ:

ಬಂದೆ, ಕ್ಷಮಿಸಿ, ತಡವಾಯಿತು.

ಆ್ಯಪ್‌ಗೆ 140 ದಿನ ಕೊಟ್ಟಿದ್ದೀರಿ, ಅದು ವ್ಯರ್ಥ ಅಲ್ಲ. ಆದರೆ ಮೊದಲ ತಿಂಗಳಲ್ಲಿ ಖರ್ಚು ಮಾಡಬೇಕಾದ ಒಂದೇ ಒಂದು ವಿಷಯ ಇದ್ದರೆ ಅದು ಭಾಷೆ. ಸೀದಾ ಗ್ವಾಟೆಮಾಲಾಕ್ಕೆ ಹೋಗಿ. ಅಲ್ಲಿನ ಆಂಟಿಗುವಾ ಊರು ಚೆಂದ ಇದೆ, ಆದರೆ ಪ್ರವಾಸಿಗರೇ ತುಂಬಿರುತ್ತಾರೆ, ಹೆಜ್ಜೆ ಹೆಜ್ಜೆಗೆ ಇಂಗ್ಲಿಷ್ ಸಿಗುತ್ತದೆ. ಕೆತ್ಸಾಲ್ತೆನಾಂಗೊ ಅನ್ನುವ ಊರಿಗೆ ಹೋಗಿ, ಎಲ್ಲರೂ ಶೆಲಾ ಅಂತಲೇ ಕರೆಯುತ್ತಾರೆ. ಅಲ್ಲಿನ ಶಾಲೆಗಳಲ್ಲಿ ಒಬ್ಬ ವಿದ್ಯಾರ್ಥಿಗೆ ಒಬ್ಬರು ಟೀಚರ್, ದಿನಕ್ಕೆ 4-5 ಗಂಟೆ, ವಾರಕ್ಕೆ ಐದು ದಿನ, ಜೊತೆಗೆ ಒಂದು ಕುಟುಂಬದ ಮನೆಯಲ್ಲಿ ಕೋಣೆ ಮತ್ತು ಮೂರು ಹೊತ್ತು ಊಟ. ಎಲ್ಲ ಸೇರಿ ವಾರಕ್ಕೆ ಸುಮಾರು 200ರಿಂದ 300 ಡಾಲರ್. ಇದು ನಿಮ್ಮ ದಿನದ ಲೆಕ್ಕಕ್ಕಿಂತ ಜಾಸ್ತಿ ಅಂತ ಗೊತ್ತು. ನಾಲ್ಕು ವಾರ ಕೊಡಿ. ಆಮೇಲೆ ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡಬಲ್ಲಿರಿ, ಡ್ರೈವರ್ ಹತ್ತಿರ ಜಗಳ ಆಡಬಲ್ಲಿರಿ, ತೋಟದ ಯಜಮಾನಿ ಹತ್ತಿರ "ಇದು ನನ್ನ ಗಂಟೆಗಿಂತ ಜಾಸ್ತಿ ಆಯಿತು" ಅನ್ನಬಲ್ಲಿರಿ. ಇದಕ್ಕೆ ಬೆಲೆ ಕಟ್ಟಿ ನೋಡಿ.

ಕನ್ನಡದವರಿಗೆ ಸ್ಪ್ಯಾನಿಷ್ ಇಂಗ್ಲಿಷಿನವರಿಗಿಂತ ಸುಲಭ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಟೀಚರ್ ಅಮೆರಿಕದ ಹುಡುಗನಿಗೆ "ತೂ" ಹೇಳಿಸಲು ಒಂದು ವಾರ ಒದ್ದಾಡಿದರು, ಅವನು "ಠೂ" ಅಂತಲೇ ಉಗಿಯುತ್ತಿದ್ದ. ನಮಗೆ ತ, ದ, ಪ, ಕ ಎಲ್ಲ ತಾಯಿ ಹಾಲಿನ ಜೊತೆ ಬಂದಿವೆ. ಸ್ವರಗಳೂ ಬರೆದ ಹಾಗೆಯೇ. ನಾವು "ಹೋಗುತ್ತೇನೆ" ಅಂದರೆ ಸಾಕು, "ನಾನು" ಬೇಕಾಗಿಲ್ಲ, ಅವರೂ "ವೊಯ್" ಅಂದು ಮುಗಿಸುತ್ತಾರೆ. "ನನಗೆ ಇಷ್ಟ" ಅನ್ನುವುದು "ಮೆ ಗುಸ್ತಾ", "ನನಗೆ ತಲೆ ನೋಯುತ್ತಿದೆ" ಅನ್ನುವುದು "ಮೆ ದುಎಲೆ ಲಾ ಕಬೇಸಾ". ಇಂಗ್ಲಿಷ್ ದಾರಿಯಲ್ಲಿ ಯೋಚಿಸಬೇಡಿ, ಕನ್ನಡದಿಂದ ಸೀದಾ ಹಾರಿ. ನೀನು ನೀವು ಎರಡೂ ಇವೆ, ತೂ ಮತ್ತು ಉಸ್ತೆದ್. ಮನೆಯ ಅಜ್ಜಿಗೆ ತೂ ಅಂದುಬಿಟ್ಟರೆ ಏನಾಗುತ್ತದೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಮೆಕ್ಸಿಕೋದವರ "ಅಒರೀತಾ" ಅಂತೂ ನಮ್ಮ "ಐದು ನಿಮಿಷ, ಬಂದೆ" ಇದ್ದಹಾಗೆ, ಈಗ ಅಂತಲೂ ಆಗಬಹುದು, ನಾಳೆ ಅಂತಲೂ ಆಗಬಹುದು.

ಒಂದು ಮುಜುಗರ ತಪ್ಪಿಸಲು ಹೇಳುತ್ತೇನೆ. ಎಲ್ಲರೂ ನಿಮ್ಮನ್ನು "ಇಂದೂ" ಅಂತ ಕರೆಯುತ್ತಾರೆ, ಬರೆಯುವುದು ಹಿಂದೂ ಅಂತ, ಸ್ಪ್ಯಾನಿಷ್‌ನಲ್ಲಿ ಬರೆಯುವ h ಅಕ್ಷರಕ್ಕೆ ಉಚ್ಚಾರ ಇಲ್ಲ. ಧರ್ಮ ಕೇಳುತ್ತಿದ್ದಾರೆ ಅಂದುಕೊಳ್ಳಬೇಡಿ, ಭಾರತದವಳಾ ಅಂತ ಕೇಳುತ್ತಿದ್ದಾರೆ. "ಇಂದಿಯೋ" ಅಂದರೆ ಅಲ್ಲಿನ ಮೂಲನಿವಾಸಿಗಳು, ಅದನ್ನು ಬೈಗುಳವಾಗಿಯೂ ಬಳಸುತ್ತಾರೆ, ಆ ಪದ ನಿಮ್ಮ ಬಾಯಲ್ಲಿ ಬರದೇ ಇರಲಿ.

ನಾನಿದ್ದ ಮನೆಯ ಅಜ್ಜಿಗೆ ಸ್ಪ್ಯಾನಿಷ್ ಎರಡನೇ ಭಾಷೆ, ಮನೆಮಾತು ಕಿಚೇ. ಗ್ವಾಟೆಮಾಲಾದಲ್ಲಿ ಅಂಥ 22 ಮಾಯಾ ಭಾಷೆಗಳಿವೆ. ಪೆರುವಿನ ಬೆಟ್ಟಗಳಿಗೆ ಹೋದರೆ ಕೆಚುವಾ. ಅದನ್ನು ಕೇಳಿ ನಾನು ಬೆಚ್ಚಿಬಿದ್ದಿದ್ದೆ. ವಾಸಿ ಅಂದರೆ ಮನೆ, ಕುನಾ ಅಂದರೆ ಗಳು, ಪಿ ಅಂದರೆ ಅಲ್ಲಿ. ವಾಸಿಕುನಾಪಿ, ಮನೆಗಳಲ್ಲಿ! ನಮ್ಮ ಹಾಗೇ ಒಂದರ ಬಾಲಕ್ಕೆ ಒಂದು ಅಂಟಿಸುತ್ತಾರೆ, ಕ್ರಿಯಾಪದ ಕೊನೆಗೆ. ನಂಟು ಗಿಂಟು ಏನೂ ಇಲ್ಲ, ಹಾಗೇ ಹೊಂದಿಬಂದಿದೆ ಅಷ್ಟೇ, ಆದರೂ ಆಲೂಗಡ್ಡೆ ಅಗೆಯುತ್ತಾ ಅದನ್ನು ಕಂಡುಕೊಂಡ ದಿನ ನನಗೆ ಊಟ ರುಚಿಸಿತು.

ಈಗ ನಿಮ್ಮ ತಿಂಗಳುಗಳ ಬಗ್ಗೆ, ಇದು ಮುಖ್ಯ. ಅಕ್ಟೋಬರ್‌ನಿಂದ ಫೆಬ್ರವರಿ ಅಂದಿರಿ. ಪೆರುವಿನ ಕುಸ್ಕೋ ಕಡೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆಗಾಲ, ಮಾಚು ಪಿಚುಗೆ ನಡೆದು ಹೋಗುವ ಇಂಕಾ ಟ್ರೇಲ್ ದಾರಿಯನ್ನು ಫೆಬ್ರವರಿಯಲ್ಲಿ ಮುಚ್ಚಿಯೇ ಬಿಡುತ್ತಾರೆ. ಸರಿಯಾಗಿ ಆಗ ನೀವು ಅಲ್ಲಿರುತ್ತೀರಿ. ಅದರ ಬದಲು ಜನವರಿಗೆ ಹೊರಡಿ. ಗ್ವಾಟೆಮಾಲಾ, ಮೆಕ್ಸಿಕೋ ಏಪ್ರಿಲ್‌ವರೆಗೆ ಒಣಗಿರುತ್ತವೆ, ಮೇ ತಿಂಗಳಿಗೆ ಪೆರು ತಲುಪಿದರೆ ಬೆಟ್ಟಗಳು ಸ್ವಚ್ಛ. ಆಗ ಮಾಚು ಪಿಚುಗೆ ದುಬಾರಿ ರೈಲೂ ಬೇಡ, ಇದ್ರೊಎಲೆಕ್ತ್ರಿಕಾವರೆಗೆ ವ್ಯಾನಿನಲ್ಲಿ ಹೋಗಿ ಹಳಿ ಪಕ್ಕ 10 ಕಿಲೋಮೀಟರ್ ನಡೆದರೆ ಮಾಚು ಪಿಚು ಬುಡದಲ್ಲಿರುವ ಅಗ್ವಾಸ್ ಕಲಿಯೆಂತೆಸ್ ಊರು. ಮಳೆಗಾಲದಲ್ಲಿ ಆ ದಾರಿಯಲ್ಲಿ ಗುಡ್ಡ ಕುಸಿಯುತ್ತದೆ, ನೀವು ಮಲೆನಾಡಿನವರು, ಗೊತ್ತಿರುತ್ತದೆ. ಕುಸ್ಕೋ 3,400 ಮೀಟರ್ ಎತ್ತರ, ಲೀಮಾದಿಂದ ಒಂದೇ ನೆಗೆತಕ್ಕೆ ಹೋದರೆ ತಲೆ ಸಿಡಿಯುತ್ತದೆ. ಮೊದಲ ಎರಡು ದಿನ ಸುಮ್ಮನೆ ಬಿದ್ದುಕೊಳ್ಳಿ. ಅಲ್ಲಿ ಕೊಡುವ ಕೋಕಾ ಎಲೆಯ ಚಹಾ ಅಲ್ಲೇ ಕುಡಿದು ಮುಗಿಸಿ, ಒಂದು ಎಲೆಯೂ ಬ್ಯಾಗಿನಲ್ಲಿ ಭಾರತಕ್ಕೆ ಬರಬಾರದು, ಇಲ್ಲಿ ಅದು ಮಾದಕ ವಸ್ತು.

ಮತ್ತೆ ಅಕ್ಟೋಬರ್‌ನಿಂದ ಜನವರಿವರೆಗೆ ಊರಿನಲ್ಲಿ ಅಡಿಕೆ ಕೊಯ್ಲು ಅಲ್ವಾ? ಅದನ್ನು ಮುಗಿಸಿಕೊಟ್ಟು ಹೊರಡಿ. ಬೆಂಗಳೂರಿನ ಬಾಡಿಗೆ ಉಳಿಯುತ್ತದೆ, ಮನೆಯಲ್ಲಿ ಹೇಳಲೂ ದಾರಿಯಾಗುತ್ತದೆ.


ಪಪ್ಪಾಯಿ_ಕೊಡಬೇಡಿ:

ಜನವರಿ ಮಾತು ಸರಿ ಇದೆ. ಗ್ವಾಟೆಮಾಲಾದಲ್ಲಿ ಸಿಗುವ ದಿನಗಳ ಬಗ್ಗೆ ಒಂದು ಮಾತು: ಅಲ್ಲಿ ಕೊಡುವ 90 ದಿನ ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್, ನಿಕರಾಗುವಾ ನಾಲ್ಕಕ್ಕೂ ಸೇರಿಸಿ. ಪಕ್ಕದ ದೇಶಕ್ಕೆ ಹೋಗಿ ಬಂದರೆ ಹೊಸದಾಗಿ ಎಣಿಕೆ ಶುರುವಾಗುತ್ತದೆ ಅಂತ ಹೇಳುವವರನ್ನು ನಂಬಬೇಡಿ.

ಶೆಲಾದಲ್ಲೇ ಕ್ವೆಟ್ಸಾಲ್‌ಟ್ರೆಕ್ಕರ್ಸ್ ಅಂತ ಇದೆ, ಚಾರಣಕ್ಕೆ ಕರೆದುಕೊಂಡು ಹೋಗುವ ಗೈಡ್‌ಗಳೆಲ್ಲ ಸ್ವಯಂಸೇವಕರು, ಬಂದ ದುಡ್ಡು ಬಡ ಮಕ್ಕಳ ಶಾಲೆಗೆ ಹೋಗುತ್ತದೆ. ತಿಂಗಳುಗಟ್ಟಲೆ ಇರುವವರನ್ನೇ ಕೇಳುತ್ತಾರೆ. ಕೊಲಂಬಿಯಾ ಬಿಡಲು ತಯಾರಿದ್ದರೆ ಯೋಚಿಸಿ.


ಸಾಗರದ_ಹುಡುಗಿ:

ಸರಿ, ಕೊನೆಗೂ ಅಮ್ಮನಿಗೆ ಹೇಳಿದೆ. ನಾನು ಅಂದುಕೊಂಡಿದ್ದು ಅಳುತ್ತಾರೆ ಅಂತ. ಅಮ್ಮ ಎಲ್ಲ ಕೇಳಿಸಿಕೊಂಡು, "ದಿನಾ ಐದು ಗಂಟೆ ತೋಟದ ಕೆಲಸ, ಸಂಬಳ ಇಲ್ಲ, ಊಟ ಹಾಕ್ತಾರೆ. ಇದಕ್ಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೂ ಅದೇ ಕೊಡ್ತೀನಲ್ಲೇ" ಅಂದರು. ಅಪ್ಪ ಮಾತೇ ಆಡಲಿಲ್ಲ, ಸಂಜೆ ಹೊತ್ತಿಗೆ ಬಂದು ಆ ಕಡೆ ಅಡಿಕೆ ಬೆಳೆಯುತ್ತಾರಾ ಅಂತ ಕೇಳಿದರು.

ಹಾಗಾಗಿ ಈಗ ಹೀಗಿದೆ: ಕೊಯ್ಲಿನವರೆಗೆ ಊರಲ್ಲಿ. ಜನವರಿ ಮೂರನೇ ವಾರ ಗ್ವಾಟೆಮಾಲಾ, ಶೆಲಾದಲ್ಲಿ ನಾಲ್ಕು ವಾರ ಕ್ಲಾಸ್, ಆಮೇಲೆ ಅಲ್ಲೇ ಆಸುಪಾಸಿನಲ್ಲಿ ಒಂದು ತೋಟ. ಮಾರ್ಚ್ ಕೊನೆಗೆ ಮೆಕ್ಸಿಕೋ, ಮೇ ತಿಂಗಳು ಪೆರು. ಕೊಲಂಬಿಯಾ ಈ ಸಲ ಇಲ್ಲ. ಮೂರೇ ದೇಶ. ಲಸಿಕೆಗೆ ಮುಂದಿನ ವಾರ ಹೋಗುತ್ತಿದ್ದೇನೆ.

ಕೊನೇ ಪ್ರಶ್ನೆ. ಶೆಲಾದಲ್ಲಿ ಜನವರಿಯಲ್ಲಿ ಚಳಿ ಎಷ್ಟಿರುತ್ತದೆ? ಬ್ಯಾಗ್ 8 ಕಿಲೋ ದಾಟಬಾರದು ಅಂತ ಹಠ ಮಾಡಿದ್ದೇನೆ, ದಪ್ಪ ಸ್ವೆಟರ್ ಹಾಕಿದರೆ ದಾಟುತ್ತದೆ.


ನಿಧಾನವೇ_ಪ್ರಧಾನ:

2,300 ಮೀಟರ್ ಮೇಲಿರುವ ಊರು, ಜನವರಿ ರಾತ್ರಿ ಸೊನ್ನೆಯ ಹತ್ತಿರ ಇಳಿಯುತ್ತದೆ, ಮನೆಗಳಲ್ಲಿ ಹೀಟರ್ ಇರುವುದಿಲ್ಲ. ಆದರೂ ಸ್ವೆಟರ್ ಒಯ್ಯಬೇಡಿ. ಅಲ್ಲಿ ಬೀದಿ ಬೀದಿಯಲ್ಲಿ ಪಾಕಾ ಅಂತ ಅಂಗಡಿಗಳಿವೆ, ಅಮೆರಿಕದಿಂದ ಮೂಟೆಗಟ್ಟಲೆ ಬಂದ ಹಳೆ ಬಟ್ಟೆ ರಾಶಿ ಹಾಕಿರುತ್ತಾರೆ. ನಾನು ಎರಡು ಡಾಲರ್‌ಗೆ ಒಂದು ಜಾಕೆಟ್ ತಂದು, ಏಳು ತಿಂಗಳು ಹಾಕಿ, ಕುಸ್ಕೋದಲ್ಲಿ ಇನ್ನೊಬ್ಬರಿಗೆ ಕೊಟ್ಟು ಬಂದೆ. ಆ ಜಾಗದಲ್ಲಿ ಚಟ್ನಿಪುಡಿ ಇನ್ನೊಂದು ಡಬ್ಬಿ ಇಡಿ.


ಖಡಕ್_ರೊಟ್ಟಿ:

ಒಂದಲ್ಲ, ಎರಡು.